ಊರ ನಡುವಣ ಹುಡೇವು: ನಮ್ಮ ಹಳ್ಳಿಗಳ ಕಾವಲುಗೋಪುರಗಳನ್ನು ಕುರಿತು ಒಂದು ಅಧ್ಯಯನ

1. ಪೀಠಿಕೆ

ಹಾಸನ ಜಿಲ್ಲೆಯ ಹೆಸರೆತ್ತಿದೊಡನೆ ಯಾರ ಮನಸ್ಸಿನಲ್ಲಾದರೂ ಮೂಡುವ ಚಿತ್ರ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳದು. ಅದು ಸಹಜವೂ ಹೌದು. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಆದರೆ ಆ ದೇವಾಲಯಗಳಿಗೆ ದತ್ತಿಯಾಗಿ ದವಸ ಒದಗಿಸಿದ ಹಳ್ಳಿಗಳು, ಆ ಹಳ್ಳಿಗಳ ರೈತರು, ಅವರ ದನಕರುಗಳು ಯಾವ ಆಸರೆಯಲ್ಲಿ ಬದುಕಿ ಉಳಿದವು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ದೇವಾಲಯದ ಭಿತ್ತಿಯಲ್ಲಿ ಶಿಲ್ಪಿಯು ತನ್ನ ಹೆಸರನ್ನು ಕೆತ್ತಿಹೋದನು. ಊರಿನ ಸುತ್ತ ಮಣ್ಣಿನ ಗೋಡೆಯನ್ನೂ ಕಲ್ಲಿನ ಬುರುಜನ್ನೂ ಎತ್ತಿದವನು ತನ್ನ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ.

ಶಾಲೆಯಲ್ಲಿ ಇತಿಹಾಸವನ್ನು ಬೋಧಿಸುವ ನಮಗೆ ಈ ಹೆಸರಿಲ್ಲದ ಕಟ್ಟಡಗಳು ಒಂದು ಅಪೂರ್ವವಾದ ಪಾಠವನ್ನು ಒದಗಿಸಬಲ್ಲವು. ಅರಮನೆಯ ಇತಿಹಾಸಕ್ಕೆ ಶಾಸನಗಳಿವೆ, ಕಾವ್ಯಗಳಿವೆ. ಹಳ್ಳಿಯ ಭಯಕ್ಕೆ, ಹಳ್ಳಿಯ ಎಚ್ಚರಕ್ಕೆ ಸಾಕ್ಷಿಯಾಗಿ ಉಳಿದಿರುವುವು ಕುಸಿದ ಗೋಡೆಗಳು, ಹೂತುಹೋದ ಕಂದಕಗಳು ಮತ್ತು ವೀರಗಲ್ಲುಗಳು ಮಾತ್ರ. ಅವುಗಳಲ್ಲಿ ಮುಖ್ಯವಾದ ಕಾವಲುಗೋಪುರಗಳನ್ನು ಕುರಿತು ಪ್ರಸ್ತುತ ಲೇಖನದಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

2. ಏಜಿಯನ್ ದ್ವೀಪಗಳ ಗೋಪುರಗಳು

ನಮ್ಮ ವಿಷಯಕ್ಕೆ ಪ್ರವೇಶಿಸುವ ಮುನ್ನ ದೂರದ ಒಂದು ಉದಾಹರಣೆಯನ್ನು ನೋಡುವುದು ಉಪಯುಕ್ತ. ಗ್ರೀಸ್ ದೇಶಕ್ಕೆ ಸೇರಿದ ಏಜಿಯನ್ ಸಮುದ್ರದ ದ್ವೀಪಗಳಲ್ಲಿ, ಹೊಲಗಳ ನಡುವೆ, ಬೆಟ್ಟದ ಓರೆಗಳಲ್ಲಿ ಪ್ರಾಚೀನ ಗೋಪುರಗಳ ಅವಶೇಷಗಳು ಹೇರಳವಾಗಿ ಕಾಣಸಿಗುತ್ತವೆ. ಸಿಫ್ನೋಸ್ ಎಂಬ ಚಿಕ್ಕ ದ್ವೀಪವೊಂದರಲ್ಲಿಯೇ 70ಕ್ಕೂ ಹೆಚ್ಚು ಇಂತಹ ಗೋಪುರಗಳನ್ನು ಗುರುತಿಸಲಾಗಿದೆ. ನಾಕ್ಸೋಸ್ ದ್ವೀಪದ ಖಿಮಾರೂ ಗೋಪುರವು ಅಮೃತಶಿಲೆಯಿಂದ ಕಟ್ಟಿದ ದುಂಡನೆಯ ಕಟ್ಟಡ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದರೂ ಅದು ಸುಮಾರು 15 ಮೀಟರು ಎತ್ತರ ಇಂದಿಗೂ ನಿಂತಿದೆ. ಆಂಡ್ರೋಸ್ ದ್ವೀಪದ ಸಂತ ಪೇತ್ರನ ಹೆಸರಿನ ಗೋಪುರ ಅದಕ್ಕಿಂತಲೂ ಎತ್ತರವಾದುದು.

ಸಿಫ್ನೋಸ್ ದ್ವೀಪದಲ್ಲಿ ಚಿನ್ನ, ಬೆಳ್ಳಿಯ ಗಣಿಗಳಿದ್ದವು. ಸಂಪತ್ತಿದ್ದಲ್ಲಿ ಸುಲಿಗೆಯೂ ಇರುತ್ತದೆ. ಕ್ರಿ.ಪೂ. 6ನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಮೋಸ್ ದ್ವೀಪದವರು ಹಡಗುಗಳಲ್ಲಿ ಬಂದು ಈ ದ್ವೀಪದ ಹೊಲಗದ್ದೆಗಳನ್ನು ಹಾಳುಗೆಡವಿ, ನೂರು ತಲಾಂತುಗಳಷ್ಟು ಹಣವನ್ನು ವಸೂಲು ಮಾಡಿಕೊಂಡು ಹೋದರೆಂದು ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ.

ಈ ಗೋಪುರಗಳು ಯಾವ ಉದ್ದೇಶಕ್ಕಾಗಿ ಕಟ್ಟಲ್ಪಟ್ಟವು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಕಡಲುಗಳ್ಳರು ಬರುವುದನ್ನು ಕಂಡು, ಹಗಲು ಹೊಗೆಯಿಂದಲೂ ರಾತ್ರಿ ಬೆಂಕಿಯಿಂದಲೂ ಸಂಜ್ಞೆ ಕೊಡುವ ಕಾವಲುಠಾಣೆಗಳು ಇವು ಎಂದು ಕೆಲವರ ಮತ. ಹಲವು ಗೋಪುರಗಳ ಪಕ್ಕದಲ್ಲಿ ಅಂಗಳ, ನೀರಿನ ತೊಟ್ಟಿ, ಎಣ್ಣೆಗಾಣದ ಕಲ್ಲುಗಳು ದೊರೆತಿರುವುದರಿಂದ ಇವು ಸ್ಥಿತಿವಂತ ರೈತರ ಭದ್ರವಾದ ತೋಟದ ಮನೆಗಳು ಎಂದು ಇನ್ನು ಕೆಲವರು ಹೇಳುತ್ತಾರೆ. ಗಣಿಗಳಲ್ಲಿಯೂ ತೋಟಗಳಲ್ಲಿಯೂ ದುಡಿಯುತ್ತಿದ್ದ ಗುಲಾಮರನ್ನು ರಾತ್ರಿ ಕೂಡಿಹಾಕಲು ಇವನ್ನು ಬಳಸುತ್ತಿದ್ದರು ಎಂಬ ಮೂರನೆಯ ವಾದವೂ ಇದೆ. ಒಂದೇ ಕಟ್ಟಡ ಒಬ್ಬನಿಗೆ ಆಶ್ರಯ, ಮತ್ತೊಬ್ಬನಿಗೆ ಸೆರೆಮನೆ! ಕಲ್ಲುಗಳನ್ನಷ್ಟೇ ನೋಡಿದರೆ ಸಾಲದು, ಅದರೊಳಗೆ ಯಾರಿದ್ದರು, ಹೊರಗೆ ಯಾರಿದ್ದರು ಎಂದು ಕೇಳಬೇಕು ಎಂಬ ಎಚ್ಚರವನ್ನು ಈ ಚರ್ಚೆ ನಮಗೆ ಕಲಿಸುತ್ತದೆ. ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವೀಗ ಕನ್ನಡ ನಾಡಿಗೆ ಬರೋಣ.

3. ಹೆಸರು ಮತ್ತು ರೂಪ

ಕನ್ನಡದಲ್ಲಿ ಇಂತಹ ಕಟ್ಟಡಗಳಿಗೆ ಹಲವು ಹೆಸರುಗಳಿವೆ. ಕೋಟೆಯ ಗೋಡೆಯಿಂದ ಮುಂದಕ್ಕೆ ಚಾಚಿದ ಭಾಗವನ್ನು ಕೊತ್ತಳ ಎನ್ನುತ್ತೇವೆ. 'ಕೋಟೆ ಕೊತ್ತಳ' ಎಂಬ ಜೋಡುನುಡಿ ಎಲ್ಲರಿಗೂ ಪರಿಚಿತ. ಬುರುಜು ಎಂಬುದು ಅರಬ್ಬೀ ಮೂಲದಿಂದ ಬಂದು ನಮ್ಮದಾದ ಮಾತು. ಬತೇರಿ ಎಂಬ ಮಾತು ಯುರೋಪಿನ ಭಾಷೆಗಳಿಂದ ಬಂದು, ಫಿರಂಗಿಯನ್ನಿಡುವ ಕಟ್ಟೆಗೆ ಹೆಸರಾಯಿತು. ಮಂಗಳೂರಿನ ಬೋಳೂರಿನಲ್ಲಿ ಹೊಳೆಯ ದಂಡೆಯ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಕಾವಲುಗೋಪುರವನ್ನು ಜನ ಸುಲ್ತಾನ್ ಬತೇರಿ ಎಂದೇ ಕರೆಯುತ್ತಾರೆ. ಇವೆಲ್ಲಕ್ಕಿಂತ ಭಿನ್ನವಾದುದು ಹುಡೆ, ಹೂಡೆ ಅಥವಾ ಉತ್ತರ ಕರ್ನಾಟಕದ ಆಡುನುಡಿಯ ಹುಡೇವು. ಊರಿನ ನಡುವೆಯೋ ಅಂಚಿನ ಏರಿನ ಮೇಲೆಯೋ ಒಂಟಿಯಾಗಿ ನಿಂತ ದುಂಡನೆಯ ಗೋಪುರವನ್ನು ಈ ಹೆಸರು ಸೂಚಿಸುತ್ತದೆ.

ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಹಳ್ಳಿಗಳಲ್ಲಿ ಪ್ರವಾಸ ಮಾಡಿದವರು ಇವನ್ನು ಕಾಣದೆ ಇರಲಾರರು. ಹೊರಗಡೆ ದಪ್ಪ ಕಲ್ಲುಗಳ ಹೊದಿಕೆ, ಒಳಗಡೆ ಮಣ್ಣು ಮತ್ತು ಜಲ್ಲಿಕಲ್ಲುಗಳ ತುಂಬು. ಬುಡದಲ್ಲಿ ಅಗಲವಾಗಿದ್ದು ಮೇಲೆ ಹೋದಂತೆ ಕಿರಿದಾಗುವ ಆಕಾರ. ಒಬ್ಬರೇ ನುಸುಳಬಹುದಾದ ಇಕ್ಕಟ್ಟಾದ ಮೆಟ್ಟಿಲು. ನೆತ್ತಿಯಲ್ಲಿ ಎದೆಮಟ್ಟದ ಗೋಡೆ, ಅದರಲ್ಲಿ ಬಂದೂಕಿನ ಕಂಡಿಗಳು. ಇದು ಹುಡೇವಿನ ಸಾಮಾನ್ಯ ಸ್ವರೂಪ. ಕೆಲವೆಡೆ ಬಾಗಿಲನ್ನು ನೆಲದಿಂದ ಆಳೆತ್ತರದ ಮೇಲಿಟ್ಟು ಏಣಿ ಹಾಕಿ ಹತ್ತುತ್ತಿದ್ದರು. ಹತ್ತಿದ ಮೇಲೆ ಏಣಿಯನ್ನು ಮೇಲಕ್ಕೆಳೆದುಕೊಂಡರೆ ಬಾಗಿಲು ಮುಚ್ಚಿದಂತೆಯೇ ಆಯಿತು.

ದುಂಡನೆಯ ಆಕಾರಕ್ಕೆ ಕಾರಣಗಳಿವೆ. ಚೌಕಟ್ಟಾದ ಕಟ್ಟಡದಲ್ಲಿ ಮೂಲೆಯೇ ದುರ್ಬಲ ಸ್ಥಾನ. ಮೂಲೆಗಲ್ಲನ್ನು ಹಾರೆಯಿಂದ ಮೀಟಿ ಕಿತ್ತರೆ ಎರಡೂ ಗೋಡೆಗಳು ಸಡಿಲುತ್ತವೆ. ದುಂಡು ಗೋಡೆಗೆ ಮೂಲೆಯೆಂಬುದಿಲ್ಲ. ಓರೆಯಾಗಿ ಬಂದು ತಗಲಿದ ಗುಂಡು ಜಾರಿಹೋಗುವ ಸಂಭವವೂ ಹೆಚ್ಚು. ಇದಲ್ಲದೆ ಅಷ್ಟೇ ಉದ್ದದ ಗೋಡೆಯಿಂದ ಹೆಚ್ಚಿನ ಜಾಗವನ್ನು ಸುತ್ತುವರಿಯುವುದು ವೃತ್ತ ಎಂಬುದು ರೇಖಾಗಣಿತದ ಪಾಠ. ಕಲ್ಲು, ಮಣ್ಣು, ಕೂಲಿ ಇವುಗಳಲ್ಲಿ ಮಿತವ್ಯಯ ಸಾಧಿಸಲೇಬೇಕಾಗಿದ್ದ ಹಳ್ಳಿಯವರು ಈ ಸತ್ಯವನ್ನು ಪುಸ್ತಕದಿಂದ ಕಲಿತವರಲ್ಲ, ಕಣಜ ಕಟ್ಟಿ ಬಾವಿ ತೋಡಿ ಕಲಿತವರು.

ಅರಸರು ಕಟ್ಟಿಸಿದ ದೊಡ್ಡ ಗೋಪುರಗಳೂ ಇದೇ ವಂಶಕ್ಕೆ ಸೇರಿದವು. ವಿಜಯಪುರದ ಉಪ್ಪಲಿ ಬುರುಜನ್ನು 1584ರ ಸುಮಾರಿನಲ್ಲಿ ಹೈದರಖಾನನೆಂಬ ಸರದಾರನು ಕಟ್ಟಿಸಿದನು. ಸುಮಾರು 80 ಅಡಿ ಎತ್ತರದ ಆ ಗೋಪುರದ ಹೊರಮೈಯನ್ನು ಸುತ್ತಿಕೊಂಡು ಮೆಟ್ಟಿಲುಗಳು ಏರುತ್ತವೆ. ನೆತ್ತಿಯ ಮೇಲೆ 30 ಅಡಿಗೂ ಉದ್ದನೆಯ ತೋಪೊಂದಿದೆ. ಬೀದರಿನ ನಡುಪೇಟೆಯ ಚೌಬಾರಾ 71 ಅಡಿ ಎತ್ತರದ್ದು. ಹಳ್ಳಿಯ ಹುಡೇವು ಇವುಗಳ ಬಡ ಸೋದರ. ಆದರೆ ಅದಕ್ಕೆ ಹಣ ಕೊಟ್ಟದ್ದು ಖಜಾನೆಯಲ್ಲ, ಊರು.

4. ಏಕೆ ಕಟ್ಟಿದರು?

ಹಳ್ಳಿಗೆ ಅಪಾಯವೆಂಬುದು ಹೊಸದಲ್ಲ. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಸುಮಾರು ಕ್ರಿ.ಶ. 450ಕ್ಕೆ ಸೇರಿದುದೆಂದು ಹೇಳಲಾಗುವ ಈ ಶಾಸನದ ವಿಷಯವೇನು? ಯುದ್ಧದಲ್ಲಿ ಪರಾಕ್ರಮ ತೋರಿದ ವೀರನೊಬ್ಬನಿಗೆ ಎರಡು ಹಳ್ಳಿಗಳನ್ನು 'ಬಾಳ್ಗಳ್ಚು', ಅಂದರೆ ಕತ್ತಿ ತೊಳೆದ ಗೌರವದ ಕೊಡುಗೆಯಾಗಿ, ಕೊಟ್ಟದ್ದು. ನಮ್ಮ ನುಡಿಯ ಲಿಖಿತ ಚರಿತ್ರೆಯ ಆರಂಭದಲ್ಲಿಯೇ ಹಳ್ಳಿ ಮತ್ತು ಕತ್ತಿ ಒಟ್ಟಿಗೆ ಇವೆ.

ಆ ಬಳಿಕ ಸಾವಿರ ವರ್ಷಗಳ ಕಾಲ ವೀರಗಲ್ಲುಗಳು ಇದೇ ಕಥೆಯನ್ನು ಹೇಳುತ್ತವೆ. 1902ರಲ್ಲಿ ಬಿ.ಎಲ್. ರೈಸರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು ತಿರುವಿ ನೋಡಿದರೆ, ದಾನಶಾಸನಗಳ ನಡುನಡುವೆ ಹೋರಾಡಿ ಮಡಿದವರ ಕಲ್ಲುಗಳು ಬರುತ್ತಲೇ ಇರುತ್ತವೆ. ತುರುಗೊಳ್ ಎಂದರೆ ದನಗಳ ಅಪಹರಣ. ಊರಳಿವು ಎಂದರೆ ಊರಿನ ನಾಶ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮಾನಭಂಗವಾಗುವಾಗ ಎದ್ದ ಹುಯಿಲು. ಈ ಮೂರು ಮಾತುಗಳು ಹಳಗನ್ನಡ ಶಾಸನಗಳ ಪರಿಭಾಷೆಯಾಗಿಯೇ ನೆಲೆಗೊಂಡಿವೆ ಎಂದಮೇಲೆ ಆ ಘಟನೆಗಳು ಎಷ್ಟು ಸಾಮಾನ್ಯವಾಗಿದ್ದಿರಬೇಕು! ವೀರಗಲ್ಲು ಅನಾಹುತ ನಡೆದುಹೋದ ಮೇಲೆ ನಿಲ್ಲಿಸಿದ ಕಲ್ಲು. ಹುಡೇವು ಅನಾಹುತ ನಡೆಯದಿರಲೆಂದು ಮುಂಚಿತವಾಗಿ ನಿಲ್ಲಿಸಿದ ಕಲ್ಲು.

ವಿಜಯನಗರದ ಪತನಾನಂತರ, ಅಂದರೆ 1565ರಿಂದೀಚೆಗೆ, ಪಾಳೆಯಗಾರರ ಪರಸ್ಪರ ಕಲಹಗಳೂ, 18ನೆಯ ಶತಮಾನದಲ್ಲಿ ಮರಾಠರು, ನಿಜಾಮರು, ಹೈದರಾಲಿ, ಟಿಪ್ಪು ಮತ್ತು ಇಂಗ್ಲಿಷರ ನಡುವಣ ಯುದ್ಧಗಳೂ ಬಯಲುನಾಡಿನ ಹಳ್ಳಿಗಳನ್ನು ಹಣ್ಣುಮಾಡಿದವು. ದೊಡ್ಡ ದಂಡು ಸಾಗುವಾಗ ಅದರ ಕುದುರೆಗಳಿಗೆ ಹುಲ್ಲು, ಸೈನಿಕರಿಗೆ ಕಾಳು ಬೇಕು. ಅದನ್ನು ಕೊಡಬೇಕಾದವನು ದಾರಿಯಲ್ಲಿರುವ ರೈತ. ದಂಡಿನ ಹಿಂದೆಯೇ ಬರುತ್ತಿದ್ದ ಪಿಂಡಾರಿಗಳಿಗೆ ಸಂಬಳವಿಲ್ಲ, ಸುಲಿಗೆಯೇ ಸಂಬಳ. ಇಂತಹ ಕುದುರೆಯ ಗುಂಪಿನ ಬಳಿ ಗೋಡೆ ಒಡೆಯುವ ತೋಪುಗಳಿರುತ್ತಿರಲಿಲ್ಲ. ಒಂದು ಊರಿನ ಮುಂದೆ ದಿನಗಟ್ಟಲೆ ಕಾದು ಕುಳಿತುಕೊಳ್ಳುವಷ್ಟು ವ್ಯವಧಾನವೂ ಇರುತ್ತಿರಲಿಲ್ಲ. ಆದುದರಿಂದ ಒಂದು ಹಗಲು, ಒಂದು ರಾತ್ರಿ ತಡೆದು ನಿಂತರೆ ಸಾಕು, ಗುಂಪು ಮುಂದಿನ ಊರಿಗೆ ಹೋಗುತ್ತಿತ್ತು. ಹುಡೇವು ಗೆಲ್ಲುವುದಕ್ಕಾಗಿ ಕಟ್ಟಿದ್ದಲ್ಲ, ತಡೆಯುವುದಕ್ಕಾಗಿ ಕಟ್ಟಿದ್ದು.

5. ಎತ್ತರದ ಲೆಕ್ಕ

ಈ ಭಾಗವನ್ನು ಗಣಿತದ ಉಪಾಧ್ಯಾಯರೂ ತರಗತಿಯಲ್ಲಿ ಬಳಸಬಹುದು. ಭೂಮಿ ಗುಂಡಗಿರುವುದರಿಂದ ನೋಡುವವನ ಕಣ್ಣಿನ ಎತ್ತರ ಹೆಚ್ಚಿದಂತೆ ದಿಗಂತ ದೂರ ಸರಿಯುತ್ತದೆ. ಕಣ್ಣಿನ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಬರುತ್ತದೆ.

ನೆಲದ ಮೇಲೆ ನಿಂತವನ ಕಣ್ಣಿನ ಎತ್ತರ 1.6 ಮೀಟರು ಎಂದಿಟ್ಟುಕೊಳ್ಳೋಣ. ಅವನಿಗೆ ಬಯಲಿನಲ್ಲಿ ಕಾಣುವ ನೆಲ ಸುಮಾರು 4.5 ಕಿಲೋಮೀಟರು. ಅವನೇ ಹುಡೇವನ್ನು ಹತ್ತಿ ಕಣ್ಣಿನ ಮಟ್ಟ 12 ಮೀಟರಿಗೇರಿತೆನ್ನಿ; ಆಗ ಕಾಣುವ ದೂರ ಸುಮಾರು 12.4 ಕಿಲೋಮೀಟರು. ಹೆಚ್ಚಾದದ್ದು ಸುಮಾರು 8 ಕಿಲೋಮೀಟರು. ಕುದುರೆಯ ಗುಂಪು ಗಂಟೆಗೆ 12 ಕಿಲೋಮೀಟರು ವೇಗದಲ್ಲಿ ಬರುತ್ತಿದ್ದರೆ ನೆಲದ ಮೇಲಿನವನಿಗೆ ಸಿಗುವ ಕಾಲಾವಕಾಶ 22 ನಿಮಿಷ. ಹುಡೇವಿನ ಮೇಲಿನವನಿಗೆ 62 ನಿಮಿಷ. ಅಂದರೆ ಈ ಕಟ್ಟಡವು ಊರಿಗೆ ಕೊಟ್ಟದ್ದು 40 ನಿಮಿಷಗಳ ಹೆಚ್ಚಿನ ಕಾಲ. ಕುದುರೆಗಳು ಎಬ್ಬಿಸುವ ಧೂಳು ಇನ್ನೂ ಮೊದಲೇ ಕಾಣಿಸುವುದರಿಂದ ಬೇಸಿಗೆಯಲ್ಲಿ ಮತ್ತಷ್ಟು ಸಮಯ ಸಿಗುತ್ತಿದ್ದಿರಬೇಕು.

ಈ 40 ನಿಮಿಷಗಳಲ್ಲಿ ಏನೇನಾಗಬೇಕಾಗಿತ್ತು ಎಂಬುದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಲಿ. ಮೇವಿಗೆ ಹೋದ ದನಗಳನ್ನು ಹೊಡೆದು ತರಬೇಕು. ಹೊಲದಲ್ಲಿರುವವರನ್ನು ಕೊಂಬೂದಿ ಕರೆಯಬೇಕು. ಹಗೇವಿನ ಬಾಯಿಯನ್ನು ಮುಚ್ಚಿ ಮೇಲೆ ತಿಪ್ಪೆ ಹರವಬೇಕು. ಮುದುಕರನ್ನು, ಬಾಣಂತಿಯರನ್ನು, ಮಕ್ಕಳನ್ನು ಒಳಕ್ಕೆ ಸೇರಿಸಬೇಕು. ಕುಡಿಯುವ ನೀರು ತುಂಬಬೇಕು. ಊರುಬಾಗಿಲು ಮುಚ್ಚಿ ಅಗುಳಿ ಹಾಕಬೇಕು. ಒಂದು ಕಟ್ಟಡದ ಬೆಲೆಯನ್ನು ಅದರ ಸೊಬಗಿನಿಂದ ಅಳೆಯುವುದು ನಮಗೆ ರೂಢಿ. ಹುಡೇವಿನ ಬೆಲೆಯನ್ನು ನಿಮಿಷಗಳಿಂದ ಅಳೆಯಬೇಕು.

6. ಹಾಸನ ಜಿಲ್ಲೆಯ ಬಯಲುಸೀಮೆ ಮತ್ತು ಮಲೆನಾಡು

ಮೇಲಿನ ಲೆಕ್ಕ ಕಪ್ಪುಮಣ್ಣಿನ ಚಪ್ಪಟೆ ಬಯಲಿಗೆ ಮಾತ್ರ ಸರಿಯಾಗಿ ಹೊಂದುತ್ತದೆ. ನೆಲದ ರೂಪ ಬದಲಾದಂತೆ ರಕ್ಷಣೆಯ ರೂಪವೂ ಬದಲಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬಯಲೂ ಮಲೆಯೂ ಕೂಡಿರುವುದರಿಂದ ಈ ವ್ಯತ್ಯಾಸವನ್ನು ಒಂದೇ ದಿನದ ಪ್ರಯಾಣದಲ್ಲಿ ನೋಡಬಹುದು.

ಪೂರ್ವಭಾಗದ ಚನ್ನರಾಯಪಟ್ಟಣ, ಹೊಳೆನರಸೀಪುರಗಳ ಕಡೆ ನೆಲ ಏರಿಳಿತಗಳಿಂದ ಕೂಡಿದ ತೆರೆದ ಬಯಲು. ಇಲ್ಲಿ ಊರಿನ ಸುತ್ತ ಮಣ್ಣಿನ ಗೋಡೆ, ಗೋಡೆಯ ಮೂಲೆಗಳಲ್ಲಿ ದುಂಡು ಕೊತ್ತಳ, ಹೊರಗೆ ಕಂದಕ ಎಂಬ ಪದ್ಧತಿ ಬಳಕೆಯಲ್ಲಿತ್ತು. ಮಣ್ಣನ್ನು ತುಳಿದು ಹದಮಾಡಿ, ಒಂದು ಪಟ್ಟಿ ಎತ್ತರ ಕಟ್ಟಿ, ಅದು ಒಣಗಿದ ಮೇಲೆ ಮತ್ತೊಂದು ಪಟ್ಟಿಯನ್ನು ಏರಿಸುತ್ತಿದ್ದರು. ಆದುದರಿಂದ ಇದು ಬೇಸಿಗೆಯ ಕೆಲಸ. ಕಂದಕ ತೋಡಿದ ಮಣ್ಣೇ ಗೋಡೆಗೆ ಒದಗುತ್ತಿದ್ದುದರಿಂದ ಒಂದು ಶ್ರಮದಲ್ಲಿ ಎರಡು ಕೆಲಸವಾಗುತ್ತಿತ್ತು. ಹೊಳೆನರಸೀಪುರದ ಕೋಟೆಯನ್ನು 1168ರಲ್ಲಿ ಸ್ಥಳೀಯ ನಾಯಕನೊಬ್ಬನು ಕಟ್ಟಿಸಿದನೆಂದು ಪ್ರತೀತಿ. ಹೇಮಾವತಿಯ ನೆರೆಯಲ್ಲಿರುವುದು ಅದಕ್ಕೆ ಸಹಜ ರಕ್ಷಣೆ. 1667ರಲ್ಲಿ ಅದು ಮೈಸೂರಿನ ವಶವಾಯಿತು. ಚನ್ನರಾಯಪಟ್ಟಣದ ಹಳೆಯ ಹೆಸರು ಕೊಳತೂರು. ಅಲ್ಲಿಯ ಕೋಟೆಗೆ ಹೈದರಾಲಿಯು ನೀರು ತುಂಬುವ ಕಂದಕವನ್ನೂ ತಿರುವುಗಳುಳ್ಳ ಹೆಬ್ಬಾಗಿಲುಗಳನ್ನೂ ಸೇರಿಸಿ ಭದ್ರಪಡಿಸಿದನು. ಬಾಗಿಲಿಗೆ ತಿರುವು ಏಕೆ? ನೇರವಾದ ದಾರಿಯಿದ್ದರೆ ಆನೆಯೂ ಕುದುರೆಯೂ ಓಡಿಬಂದು ಕದವನ್ನು ಗುದ್ದಬಲ್ಲವು. ತಿರುವಿನಲ್ಲಿ ಓಟ ನಿಲ್ಲುತ್ತದೆ, ಆಗ ಮೇಲಿನಿಂದ ಹೊಡೆಯಲು ಅನುಕೂಲ. ಅರಕಲಗೂಡನ್ನು 1568ರ ಸುಮಾರಿನಲ್ಲಿ ಐಗೂರು ಮನೆತನದ ಕೃಷ್ಣಪ್ಪನಾಯಕನು ಸ್ಥಾಪಿಸಿದನೆಂದು ಹೇಳುತ್ತಾರೆ. ಬಯಲಿಗೂ ಮಲೆಗೂ ನಡುವಣ ಬಾಗಿಲಿನಂತಿರುವ ಆ ಊರಿಗಾಗಿ ಮೈಸೂರಿನವರೂ ಐಗೂರಿನವರೂ ಸೆಣಸಿದರು.

1800-1801ರಲ್ಲಿ ಈ ಭಾಗಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಹಳೇಬೀಡು, ಬೇಲೂರು, ಹಾಸನ, ಶ್ರವಣಬೆಳಗೊಳಗಳನ್ನು ನೋಡಿದ್ದನು. ಅವನ ಪ್ರವಾಸಕಥನದಲ್ಲಿ ಮಣ್ಣಿನ ಗೋಡೆಯುಳ್ಳ ಹಳ್ಳಿಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಕೋಟೆಯೆಂಬುದು ಆ ಕಾಲದಲ್ಲಿ ರಾಜಧಾನಿಗಳ ಸೊತ್ತಾಗಿರಲಿಲ್ಲ. ಸಾಮಾನ್ಯ ಹಳ್ಳಿಯ ಲಕ್ಷಣವೇ ಆಗಿತ್ತು ಎಂಬುದು ಇದರಿಂದ ವೇದ್ಯವಾಗುತ್ತದೆ.

ಪಶ್ಚಿಮಕ್ಕೆ ಸಕಲೇಶಪುರದ ಕಡೆ ಹೊರಟರೆ ಚಿತ್ರ ಬೇರೆ. ಅಲ್ಲಿ ಒಂದು ಗುಡ್ಡದಾಚೆಗೆ ಇನ್ನೊಂದು ಗುಡ್ಡ, ನಡುವೆ ಕಾಡು, ಮಂಜು, ಮಳೆ. ಅಲ್ಲಿ ಎಷ್ಟು ಎತ್ತರದ ಗೋಪುರ ಕಟ್ಟಿದರೂ ಕಾಣುವುದು ಎದುರಿನ ಗುಡ್ಡದ ಮರಗಳೇ. ಮನೆಗಳೂ ಒಂದೆಡೆ ಗುಂಪಾಗಿರದೆ ಚದುರಿರುತ್ತವೆ. ಆದುದರಿಂದ ಮಲೆನಾಡಿನವರು ನೋಟವನ್ನು ನೆಚ್ಚದೆ ದಾರಿಯನ್ನು ನೆಚ್ಚಿದರು. ಊರಿಗೆ ಬರುವ ಇಕ್ಕಟ್ಟಾದ ದಾರಿಯಲ್ಲಿ ಉಕ್ಕಡವೆಂಬ ಕಾವಲುಕಟ್ಟೆ, ಅದರಾಚೆ ದಟ್ಟವಾದ ಮುಳ್ಳುಕಾಡಿನ ಬೇಲಿ, ಇವೇ ಅವರ ಕೋಟೆ. ನೆರೆಯ ಕೊಡಗಿನಲ್ಲಿ ಇದೇ ತತ್ತ್ವ ಕಡಂಗಗಳ ರೂಪ ತಾಳಿತು. ಕಡಂಗವೆಂದರೆ ಆಳವಾದ ಅಗಳು, ಅದರಿಂದ ತೆಗೆದ ಮಣ್ಣಿನ ಎತ್ತರವಾದ ದಿಣ್ಣೆ. ಗುಡ್ಡ ಕಣಿವೆಗಳನ್ನು ದಾಟಿ ಬಹುದೂರ ಸಾಗುವ ಈ ಅಗಳುಗಳು ಇಂದಿಗೂ ಕಾಫಿತೋಟಗಳ ನಡುವೆ ಉಳಿದಿವೆ.

ಈ ಕಾಡಿನ ಕೋಟೆ ಎಷ್ಟು ಬಲವಾದುದೆಂಬುದಕ್ಕೆ ಒಂದು ಘಟನೆ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆಯೂ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿನಾಯಕನು ಶರಣಾಗಲಿಲ್ಲ. ಮುಂದೆ ವೆಲಿಂಗ್ಟನ್ ಎಂದು ಜಗತ್ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯೇ ಸ್ವತಃ ದಂಡು ತಂದು, 1802ರ ಜನವರಿಯಲ್ಲಿ ಅರಕೆರೆಯ ಕಾಡುಕೋಟೆಯನ್ನು ಮುತ್ತಿ ಹಿಡಿಯಬೇಕಾಯಿತು. ಅದೇ ವರ್ಷ ನಾಯಕನು ಸೆರೆಸಿಕ್ಕಿ ಗಲ್ಲಿಗೇರಿದನು. ಆ ಬಳಿಕ ಆ ಸೀಮೆಯ ರಕ್ಷಣೆಗಳನ್ನು ಕೆಡವಿ ಕಾಡಿನಲ್ಲಿ ದಾರಿಗಳನ್ನು ತೆರೆಯಲಾಯಿತು.

7. ಮಂಜರಾಬಾದ್: ದುಂಡಿನಿಂದ ನಕ್ಷತ್ರಕ್ಕೆ

ದುಂಡು ಗೋಪುರಕ್ಕೆ ಒಂದು ದೋಷವಿದೆ. ಅದರ ನೆತ್ತಿಯ ಮೇಲೆ ನಿಂತವನಿಗೆ ದೂರದ ಶತ್ರು ಕಾಣುತ್ತಾನೆ; ಆದರೆ ಗೋಪುರದ ಬುಡಕ್ಕೆ ಅಂಟಿಕೊಂಡವನು ಕಾಣುವುದಿಲ್ಲ. ಬಗ್ಗಿ ನೋಡಿದರೆ ತನ್ನ ತಲೆಯನ್ನೇ ಗುರಿಯಾಗಿ ಒಡ್ಡಿದಂತೆ. ಬುಡವನ್ನು ಅಗೆಯುವವನಿಗೆ, ಮದ್ದು ತುಂಬುವವನಿಗೆ ಈ ಮರೆಯ ಜಾಗ ವರವಾಗುತ್ತಿತ್ತು. ಯುರೋಪಿನ ಶಿಲ್ಪಿಗಳು ಇದಕ್ಕೆ ಕಂಡುಕೊಂಡ ಪರಿಹಾರ ನಕ್ಷತ್ರಾಕಾರ. ಕೋಟೆಯ ಒಂದೊಂದು ಮೊನೆಯೂ ಪಕ್ಕದ ಮೊನೆಯ ಗೋಡೆಯನ್ನು ಕಾಯುವುದರಿಂದ ಯಾವ ಗೋಡೆಯ ಬುಡವೂ ಕಣ್ಣಿಗೆ ಮರೆಯಾಗುವುದಿಲ್ಲ.

ಟಿಪ್ಪು ಸುಲ್ತಾನನು 1792ರಲ್ಲಿ ಸಕಲೇಶಪುರದ ಬಳಿ ಪೂರೈಸಿದ ಮಂಜರಾಬಾದ್ ಕೋಟೆ ಇದೇ ತತ್ತ್ವವನ್ನು ಅನುಸರಿಸಿದೆ. ಫ್ರೆಂಚರ ದುರ್ಗನಿರ್ಮಾಣ ಪದ್ಧತಿಯಂತೆ ಎಂಟು ಮೊನೆಗಳಿಂದ ಕೂಡಿದ ಈ ಕೋಟೆ ಸಮುದ್ರಮಟ್ಟದಿಂದ 3,200 ಅಡಿಗೂ ಮೇಲೆ, ಮಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ಘಟ್ಟದ ದಾರಿಯನ್ನು ಕಾಯುವಂತೆ ನಿಂತಿದೆ. ಹೆಬ್ಬಾಗಿಲಿನ ಮೇಲ್ಛಾವಣಿಯಲ್ಲಿ ಕೋಟೆಯ ನಕ್ಷೆಯೇ ಕೆತ್ತಲ್ಪಟ್ಟಿದೆ. ಮಕ್ಕಳನ್ನು ಕರೆದೊಯ್ದವರು ತಲೆಯೆತ್ತಿ ನೋಡಲು ಮರೆಯಬಾರದು. ನಡುವೆ ಶಿಲುಬೆಯಾಕಾರದ ಕೊಳ, ಮದ್ದಿನ ನೆಲಮನೆಗಳು, ಸೈನಿಕರ ವಸತಿಗಳು ಇವೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಂಜರಾಬಾದ್ ದಾರಿಯನ್ನು ಕಾಯಲು, ರಾಜ್ಯವನ್ನು ಕಾಯಲು ಕಟ್ಟಿದುದು. ಅದರಲ್ಲಿ ರೈತನ ಎತ್ತಿಗೆ ಜಾಗವಿರಲಿಲ್ಲ.

8. ಕಾವಲಿನವರು ಯಾರು?

ಇಲ್ಲಿ ನಾವು ಆರಂಭದ ಪ್ರಶ್ನೆಗೆ ಮರಳಬೇಕು. ಹುಡೇವಿನ ಮೇಲೆ ನಿಂತು ರಾತ್ರಿಯಿಡೀ ಎಚ್ಚರವಿದ್ದವರು ಯಾರು? ಹಳ್ಳಿಯ ಆಯಗಾರರ ವ್ಯವಸ್ಥೆಯಲ್ಲಿ ತಳವಾರನಿಗೆ ಊರಿನ ಕಾವಲು, ತೋಟಿಗೆ ಬೆಳೆಯ ಮತ್ತು ಎಲ್ಲೆಯ ಕಾವಲು. ಸುಗ್ಗಿಯಲ್ಲಿ ಕಣದಿಂದ ಸಿಗುವ ಕಾಳಿನ ಪಾಲು ಅಥವಾ ಅಲ್ಪಸ್ವಲ್ಪ ಇನಾಂ ಭೂಮಿ ಅವರಿಗೆ ಸಂದಾಯ. ಊರಿನ ಗಡಿಕಲ್ಲು ಎಲ್ಲಿದೆ, ಕಳ್ಳನ ಹೆಜ್ಜೆ ಯಾವ ದಿಕ್ಕಿಗೆ ಹೋಗಿದೆ, ಯಾವ ದಾರಿಯಲ್ಲಿ ಅಪರಿಚಿತರು ಬರುತ್ತಾರೆ ಎಂಬುದೆಲ್ಲವನ್ನು ಬಲ್ಲವರು ಅವರು.

ಆದರೆ ಹಲವೆಡೆ ಈ ಕಾವಲಿನವರ ಕೇರಿಯೇ ಊರಗೋಡೆಯ ಹೊರಗಿತ್ತು ಎಂಬ ಸತ್ಯವನ್ನು ಮರೆಮಾಚುವಂತಿಲ್ಲ. ಗೋಡೆ ಕಟ್ಟುವಾಗ ಮಣ್ಣು ಹೊತ್ತವರಲ್ಲಿ ಬಿಟ್ಟಿಯಾಳುಗಳು ಇದ್ದರು. ಗೋಡೆ ಮುಗಿದ ಮೇಲೆ ಅವರಲ್ಲಿ ಎಷ್ಟೋ ಮಂದಿ ಅದರ ಹೊರಗೇ ಉಳಿದರು. ಅಪಾಯದ ಕೂಗು ಎದ್ದಾಗ ಬಾಗಿಲು ಎಲ್ಲರಿಗೂ ತೆರೆಯುತ್ತಿತ್ತೇ ಎಂದು ಕೇಳಿದರೆ ಕಲ್ಲುಗಳು ಉತ್ತರ ಕೊಡುವುದಿಲ್ಲ. ಗ್ರೀಕ್ ದ್ವೀಪಗಳ ಗೋಪುರಗಳ ಮುಂದೆ ನಿಂತು ಅಲ್ಲಿಯ ವಿದ್ವಾಂಸರು ಕೇಳಿಕೊಂಡ ಪ್ರಶ್ನೆಯನ್ನು ನಾವೂ ನಮ್ಮ ಊರಿನ ಗೋಡೆಯ ಮುಂದೆ ನಿಂತು ಕೇಳಿಕೊಳ್ಳಬೇಕು. ನಮ್ಮ ಶಾಲೆಗಳಲ್ಲಿ ಇಂದು ಗೋಡೆಯ ಒಳಗಿದ್ದವರ ಮಕ್ಕಳೂ ಹೊರಗಿದ್ದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಾರೆ. ಆದುದರಿಂದ ಈ ಪಾಠವನ್ನು ಹೇಳುವಾಗ ಹಳ್ಳಿಯ ಒಗ್ಗಟ್ಟನ್ನು ಕೊಂಡಾಡುವುದರೊಂದಿಗೆ ಅದರ ಮಿತಿಯನ್ನೂ ಪ್ರಾಮಾಣಿಕವಾಗಿ ಹೇಳುವುದು ಉಪಾಧ್ಯಾಯರ ಧರ್ಮ.

9. ಅವನತಿ

19ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಹುಡೇವುಗಳ ಕಾಲ ಮುಗಿಯಿತು. 1800ರಿಂದ 1807ರವರೆಗೆ ಬಳ್ಳಾರಿಯನ್ನೊಳಗೊಂಡ ಸೀಮೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಬಲವನ್ನು ಮುರಿದನು. 1817-18ರ ಯುದ್ಧದಲ್ಲಿ ಪಿಂಡಾರಿಗಳ ಹಾವಳಿ ಅಡಗಿತು. ಭಯ ಹೋದ ಮೇಲೆ ಗೋಡೆಯನ್ನು ದುರಸ್ತಿ ಮಾಡುವವರಿಲ್ಲ. ಊರು ಬೆಳೆದು ಗೋಡೆಯನ್ನು ದಾಟಿತು.

ಇಂತಹ ಕಟ್ಟಡ ಹೇಗೆ ಕುಸಿಯುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಮೊದಲು ನೆತ್ತಿಯ ಗಾರೆ ಬಿರಿಯುತ್ತದೆ. ಮಳೆನೀರು ಒಳಗಿನ ಮಣ್ಣಿನ ತುಂಬಿಗೆ ಇಳಿಯುತ್ತದೆ. ನೆನೆದ ಮಣ್ಣು ಉಬ್ಬಿ ಹೊರಗಿನ ಕಲ್ಲಿನ ಹೊದಿಕೆಯನ್ನು ತಳ್ಳುತ್ತದೆ. ಬಿರುಕಿನಲ್ಲಿ ಹಕ್ಕಿ ತಂದ ಆಲದ ಬೀಜ ಮೊಳೆಯುತ್ತದೆ. ಹೊಟ್ಟೆ ಬಿಟ್ಟಂತೆ ಉಬ್ಬಿದ ಗೋಡೆ ಒಂದು ಮಳೆಗಾಲದ ರಾತ್ರಿ ಉರುಳುತ್ತದೆ. ಬಿದ್ದ ಕಲ್ಲು ಮನೆಗಳ ತಳಪಾಯಕ್ಕೆ, ಕೆರೆಯ ಏರಿಗೆ ಹೋಗುತ್ತದೆ. ಹಳೆಯ ಊರಿನ ಹಾಳುಮಣ್ಣು ಒಳ್ಳೆಯ ಗೊಬ್ಬರವೆಂದು ರೈತರು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹಾಕುತ್ತಾರೆ. ಕಂದಕ ಹೂತು ಗದ್ದೆಯಾಗುತ್ತದೆ. ಇದರಲ್ಲಿ ಯಾರನ್ನೂ ದೂಷಿಸುವಂತಿಲ್ಲ. ಊರಿನ ಶ್ರಮದಿಂದ ಎದ್ದುದು ಊರಿನ ಹೊಲಕ್ಕೇ ಮರಳಿತು. ಆದರೆ ದಾಖಲೆಯಿಲ್ಲದೆ ಮರಳಿದ್ದು ವಿಷಾದದ ಸಂಗತಿ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕೇಂದ್ರದಲ್ಲಿ 1958ರ ಕಾಯಿದೆಯೂ ಕರ್ನಾಟಕದಲ್ಲಿ 1961ರ ಕಾಯಿದೆಯೂ ಇವೆ. ಕಾಯಿದೆಯ ರಕ್ಷಣೆ ಸಿಗುವುದು ಪಟ್ಟಿಗೆ ಸೇರಿದ ಸ್ಮಾರಕಗಳಿಗೆ; ಪಟ್ಟಿಗೆ ಸೇರಬೇಕಾದರೆ ಅದು ಅಲ್ಲಿದೆಯೆಂದು ಯಾರಾದರೂ ಮೊದಲು ಬರೆದಿಡಬೇಕು.

10. ನಮ್ಮ ಕರ್ತವ್ಯ ಮತ್ತು ವಿದ್ಯಾರ್ಥಿಗಳಿಗೆ ಅಭ್ಯಾಸ

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಬಹುಮಂದಿ ಹಳ್ಳಿಗಳಿಂದ ಬಂದವರು. ನಿಮ್ಮ ಊರಿನಲ್ಲಿ ಗೋಡೆಯಿಲ್ಲದಿದ್ದರೂ ಗೋಡೆಯ ಹೆಸರು ಉಳಿದಿರಬಹುದು. 'ಕೋಟೆ ಬೀದಿ', 'ಕಂದಕದ ಹೊಲ', 'ಊರಬಾಗಿಲು', 'ದಿಡ್ಡಿ', 'ಉಕ್ಕಡ' ಮುಂತಾದ ಮಾತುಗಳು ಇನ್ನೂ ಬಳಕೆಯಲ್ಲಿವೆಯೇ ನೋಡಿ. ಕೋಟೆ ಆಂಜನೇಯನ ಗುಡಿ ಇದ್ದಲ್ಲಿ ಸಾಮಾನ್ಯವಾಗಿ ಹಳೆಯ ಹೆಬ್ಬಾಗಿಲಿನ ನೆಲೆ ಹತ್ತಿರದಲ್ಲಿಯೇ ಇರುತ್ತದೆ. ಈ ಹೆಸರುಗಳನ್ನು ಬಲ್ಲ ಹಿರಿಯರು ವರ್ಷೇ ವರ್ಷೇ ಕಡಿಮೆಯಾಗುತ್ತಿದ್ದಾರೆ.

ವಿದ್ಯಾರ್ಥಿಗಳು ಉಪಾಧ್ಯಾಯರ ಜೊತೆಯಲ್ಲಿ ಮಾಡಬಹುದಾದ ಕೆಲಸಗಳು ಇವು:

(1) ಊರಿನ ನಕ್ಷೆ ಬರೆದು, ಗೋಡೆ, ಬಾಗಿಲು, ಕೊತ್ತಳ, ಕಂದಕಗಳ ಸ್ಥಾನವನ್ನು ಹಿರಿಯರನ್ನು ಕೇಳಿ ಗುರುತಿಸುವುದು.

(2) ಉಳಿದಿರುವ ಬುರುಜಿನ ಸುತ್ತಳತೆಯನ್ನು ಹಗ್ಗದಿಂದ ಅಳೆದು ವ್ಯಾಸವನ್ನು ಕಂಡುಹಿಡಿಯುವುದು; ಎತ್ತರವನ್ನು ನೆರಳಿನ ಅಳತೆಯಿಂದ ಲೆಕ್ಕ ಹಾಕುವುದು. ಸಡಿಲವಾದ ಗೋಡೆಯನ್ನು ಯಾವ ಕಾರಣಕ್ಕೂ ಹತ್ತಬಾರದು.

(3) ಮೇಲೆ ಹೇಳಿದ ಸೂತ್ರದಿಂದ ಆ ಎತ್ತರಕ್ಕೆ ದಿಗಂತದ ದೂರವನ್ನು ಕಂಡು, ಊರಿಗೆ ಸಿಗುತ್ತಿದ್ದ ಕಾಲಾವಕಾಶವನ್ನು ಲೆಕ್ಕಿಸುವುದು.

(4) ವೀರಗಲ್ಲುಗಳಿದ್ದರೆ ಅವುಗಳ ಫಲಕಗಳಲ್ಲಿ ದನಗಳ ಚಿತ್ರವಿದೆಯೇ ನೋಡಿ ಬರೆದುಕೊಳ್ಳುವುದು. ಕಲ್ಲಿಗೆ ಬಣ್ಣ, ಎಣ್ಣೆ, ಸುಣ್ಣ ಹಚ್ಚಬಾರದು.

(5) ಗೋಡೆಯ ಹೊರಗೆ ಯಾವ ಕೇರಿಗಳಿದ್ದವು, ಆ ಮನೆತನಗಳವರು ಯಾವ ನೆನಪುಗಳನ್ನು ಹೇಳುತ್ತಾರೆ ಎಂದು ಗೌರವದಿಂದ ಕೇಳಿ ಬರೆದಿಡುವುದು.

ಒಂದು ವರ್ಷದಲ್ಲಿ ಹತ್ತು ಊರುಗಳ ವಿವರ ಸಂಗ್ರಹವಾದರೂ ಅದು ನಮ್ಮ ಜಿಲ್ಲೆಯ ಇತಿಹಾಸಕ್ಕೆ ಬೆಲೆಯುಳ್ಳ ಕಾಣಿಕೆಯಾದೀತು. ದೊಡ್ಡ ದೇವಾಲಯಗಳನ್ನು ಕಾಯಲು ಇಲಾಖೆಗಳಿವೆ. ಊರ ಮುಂದಿನ ಮುರುಕು ಬುರುಜಿಗೆ ಆ ಊರಿನ ಶಾಲೆಯೇ ಇಲಾಖೆ. ನಮ್ಮ ಹಿಂದಿನವರು ಹಗಲಿರುಳು ಎಚ್ಚರವಿದ್ದು ಉಳಿಸಿಕೊಟ್ಟ ಬದುಕು ನಮ್ಮದು. ಅವರು ನಿಂತಿದ್ದ ಜಾಗ ಯಾವುದೆಂದು ತಿಳಿದುಕೊಳ್ಳುವಷ್ಟು ಎಚ್ಚರವಾದರೂ ನಮಗಿರಲಿ.